ಅಪ್‌ಡೇಟ್: ರಿಪೇರಿ ಬಾರದವರು ಹಳೆಯ ಕಾರನ್ನು ಕೊಳ್ಳುವುದೇಕೆ?

ಸ್ಪ್ಯಾನರ್ ಹಿಡಿದು ಅಭ್ಯಾಸವಿಲ್ಲದವರೂ ಕೆಟ್ಟು ನಿಂತ ಹಳೆಯ ಕಾರನ್ನು ತಾವೇ ಸರಿಪಡಿಸುತ್ತೇವೆಂದು ಏಕೆ ಕೊಳ್ಳುತ್ತಾರೆ ಎಂದು ಹಿಂದೆ ಕೇಳಿದ್ದೆ. ಬಂದ ಉತ್ತರಗಳಲ್ಲಿ ಹೆಚ್ಚಿನವು ‘ಅಗ್ಗಕ್ಕೆ ಸಿಗುತ್ತದೆ’ ಎಂಬಲ್ಲಿಗೇ ನಿಂತವು; ಅದು ಕಾರಣದ ಒಂದು ಪಾಲು ಮಾತ್ರ. ಕೊಂಡವರನ್ನೇ ಮಾತನಾಡಿಸಿದಾಗ ತಿಳಿದದ್ದೇನೆಂದರೆ, ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಭಾಗ) ಮತ್ತು ಡಿಸ್ಟ್ರಿಬ್ಯೂಟರ್ (ಸ್ಪಾರ್ಕ್ ಪ್ಲಗ್‌ಗಳಿಗೆ ಸರದಿಯಂತೆ ವಿದ್ಯುತ್ ಹಂಚುವ ಭಾಗ) ಇರುವ ಹಳೆಯ ಎಂಜಿನ್, ಬಾನೆಟ್ ಎತ್ತಿದೊಡನೆ ಬಿಡಿಬಿಡಿಯಾಗಿ ಕಾಣುವುದರಿಂದ, ಕಂಡದ್ದೆಲ್ಲ ಕೈಗೂ ಎಟುಕುತ್ತದೆಂಬ ಧೈರ್ಯ ಅವರಿಗೆ ಬರುತ್ತದೆ. ಈಗಿನ ಕಾರಿನ ಪ್ಲಾಸ್ಟಿಕ್ ಮುಚ್ಚಳ ಮತ್ತು ಸೆನ್ಸರ್‌ಗಳು ಅದಕ್ಕೆ ಆಸ್ಪದ ಕೊಡುವುದಿಲ್ಲ. ಆ ಧೈರ್ಯ ಪೂರ್ತಿ ಸುಳ್ಳೂ ಅಲ್ಲ: ಸ್ಪಾರ್ಕ್ ಪ್ಲಗ್ ಬದಲಿಸುವುದನ್ನು, ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್‌ಗಳ (ಕಿಡಿಗಾಗಿ ವಿದ್ಯುತ್ತನ್ನು ಕಡಿದು ಕೂಡಿಸುವ ಲೋಹದ ತುದಿಗಳ) ಅಂತರವನ್ನು ಫೀಲರ್ ಗೇಜಿನಿಂದ (ಸಣ್ಣ ಸಂದು ಅಳೆಯುವ ತೆಳು ಲೋಹದ ಪಟ್ಟಿಗಳಿಂದ) ಹೊಂದಿಸುವುದನ್ನು ತಾಳ್ಮೆಯಿರುವ ಯಾರಾದರೂ ಕಲಿಯಬಹುದು.

ಸೋಲಿಸುವುದು ಕಾಣದ ಭಾಗ. ಕಾರ್ಪೆಟ್ ಎತ್ತಿ ನೆಲದ ತಗಡನ್ನು ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದಾಗ, ತುಕ್ಕು ತಿಂದ ತಗಡಿನೊಳಗೆ ಆ ತುದಿ ತೂರಿಹೋದರೆ, ಮುಂದಿನದು ವೆಲ್ಡಿಂಗ್ ಬಲ್ಲವರ ಕೆಲಸ. ಅದರ ಖರ್ಚು ಎಂಜಿನ್ನಿನ ಖರ್ಚನ್ನೂ ಮೀರಬಹುದು. ವರ್ಷಗಟ್ಟಲೆ ನಿಂತ ಕಾರಿನ ಟ್ಯಾಂಕಿನಲ್ಲಿ ಪೆಟ್ರೋಲ್ ಅಂಟಾಗಿರುತ್ತದೆ, ಬ್ರೇಕಿನ ರಬ್ಬರ್ ಸೀಲುಗಳು ಗಡುಸಾಗಿರುತ್ತವೆ. ಇದನ್ನೆಲ್ಲ ಅರಿತವರೂ ಕೊಳ್ಳುತ್ತಾರೆ (ನನಗೆ ಕುತೂಹಲ ಹುಟ್ಟಿಸಿದ್ದು ಇದೇ), ಏಕೆಂದರೆ ಅವರಲ್ಲಿ ಹಲವರಿಗೆ ಬೇಕಾಗಿರುವುದು ಓಡುವ ಕಾರಿಗಿಂತ ಹೆಚ್ಚಾಗಿ, ಬಿಡುವಿನಲ್ಲಿ ಕೈ ಮಸಿ ಮಾಡಿಕೊಳ್ಳಲು ಒಂದು ನೆಪ.