ಅಪ್‌ಡೇಟ್: ರಾಜೀನಾಮೆ ಕೊಡಲಿಲ್ಲ, ದುಡ್ಡು ಬಂತು

ಇಪ್ಪತ್ತು ದಿನದ ಹಿಂದೆ ಕೇಳಿದ್ದೆನಲ್ಲ: ಹುಬ್ಬಳ್ಳಿಯ ನಮ್ಮ ಮಷಿನ್ ಕಾರ್ಖಾನೆಯಲ್ಲಿ ಜನ ಕಡಿಮೆ ಮಾಡ್ತಿದ್ದಾರೆ, ರಾಜೀನಾಮೆ ಬರೆದುಕೊಡು ಅಂತಿದ್ದಾರೆ, ಏನು ಮಾಡಲಿ ಅಂತ.

"ಸಹಿ ಹಾಕಬೇಡ" ಅಂದವರ ಮಾತೇ ಕೈಹಿಡಿಯಿತು. ಸಹಿ ಹಾಕಿದ್ದರೆ ಕೆಲಸದಿಂದ ತೆಗೆದಿದ್ದಕ್ಕೆ ಸಿಗುವ ಪರಿಹಾರ ಹೋಗ್ತಿತ್ತು. ಅದು ಸರ್ವಿಸಿನ ಪ್ರತಿ ವರ್ಷಕ್ಕೆ 15 ದಿನದ ಪಗಾರ. ಒಂದು ತಿಂಗಳ ನೋಟಿಸ್ ಪಗಾರ ಬೇರೆ.

ಗ್ರ್ಯಾಚುಯಿಟಿ (ಕೆಲಸ ಬಿಡುವಾಗ ಸರ್ವಿಸಿನ ವರ್ಷ ನೋಡಿ ಕೊಡುವ ದುಡ್ಡು) ಇದರಲ್ಲೇ ಸೇರಿದೆ ಅಂತ ಎಚ್‌ಆರ್‌ನವರು ಹೇಳಿದ್ದರು. ಕಾರ್ಮಿಕ ಇಲಾಖೆಯಲ್ಲಿ ಕೇಳಿದರೆ ಅದು ಬೇರೇನೇ! ಬೇಸಿಕ್, ಡಿಎ (ತುಟ್ಟಿಭತ್ಯೆ) ಸೇರಿ ನನ್ನ ತಿಂಗಳ ಪಗಾರ 20,800. ತಿಂಗಳಿಗೆ 26 ಕೆಲಸದ ದಿನ ಅಂತ 26ರಿಂದ ಭಾಗಿಸಿ, 15ರಿಂದ ಗುಣಿಸಿ, 11 ವರ್ಷಕ್ಕೆ 1,32,000 ಆಯ್ತು. ಎರಡೂ ಬಂದವು.

ಮ್ಯಾನೇಜ್‌ಮೆಂಟಿಗೆ ಮೇಲ್ ಹಾಕುವ ಸಲಹೆ ಸುಮ್ನೆ ದಂಡ, ಉತ್ತರವೇ ಇಲ್ಲ.

ಈಗ ತಾರಿಹಾಳದ ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಮೇಲಿದ್ದೇನೆ. ಪಗಾರ ಕಡಿಮೆ, ಆದರೆ ಸಂಜೆ ಗಿರ್ಮಿಟ್ ತಿನ್ನೋಕೆ ಟೈಮ್ ಸಿಗುತ್ತೆ.