ಅವ್ವನ ಕುತ್ತಿಗಿ ಎಂಆರ್‌ಐಗೆ ಕಾಂಟ್ರಾಸ್ಟ್ ಸೂಜಿ ಮಾಡಿಸ್ಬೇಕಾ ಬ್ಯಾಡಾ?

ಕುಷ್ಟಗಿ ಹುಡುಗ:
ಎಲ್ಲಾರಿಗೂ ನಮಸ್ಕಾರ ರೀ. ನಮ್ಮವ್ವಗ 62 ವಯಸ್ಸು. ಬಲಗಡಿ ದವಡಿ ಕೆಳಗ ಗಂಟಾಗಿ ಎರಡು ತಿಂಗಳ ಮ್ಯಾಲಾತು, ನೋವಿಲ್ಲ ಅಂತ ಆಕಿ ಯಾರ ಮುಂದೂ ಹೇಳಿದ್ದಿಲ್ಲ, ತಲಿಗೆ ಎಣ್ಣಿ ಹಚ್ಚುವಾಗ ನನ್ನ ಹೆಂಡ್ತಿ ಕೈಗೆ ಹತ್ತಿ ಗೊತ್ತಾತು. ಎಲಿ ಅಡಕಿ ತಂಬಾಕ ಹಾಕ್ಕೊಳ್ಳೋ ರೂಢಿ ಐತಿ, ಅದಕ್ಕ ನನಗ ಜಾಸ್ತಿ ಭಯ. ಕೊಪ್ಪಳದಾಗ ಕಿವಿ ಮೂಗು ಗಂಟಲು ಡಾಕ್ಟ್ರು ಎಂಆರ್‌ಐ ನೆಕ್ ವಿತ್ ಕಾಂಟ್ರಾಸ್ಟ್ ಅಂತ ಬರ್ದಾರ, ಅಂದ್ರ ಫೋಟೋ ಸ್ಪಷ್ಟ ಬರ್ಲಿ ಅಂತ ನರಕ್ಕ ಔಷಧದ ಸೂಜಿ ಕೊಟ್ಟು ತೆಗಿಯೋದು, ಶುಕ್ರವಾರ ಬಳ್ಳಾರಿಗೆ ಹೋಗ್ಬೇಕು. ಆಕಿಗೆ 12 ವರ್ಷದಿಂದ ಶುಗರ್, ಮೆಟ್‌ಫಾರ್ಮಿನ್ ತಗೊಂತಾಳ. ಆ ಸೂಜಿ ಮಾಡಿಸಿದ್ರ ಕಿಡ್ನಿ ಹೋಗ್ತಾವ ಅಂತ ನಮ್ಮ ಕಾಕಾ ಹೆದರಿಸ್ಯಾನ. ಸೂಜಿ ಬ್ಯಾಡ, ಹಂಗ ಪ್ಲೇನ್ ತೆಗೀರಿ ಅಂತ ನಾವ ಹೇಳಬಹುದಾ?

ಮಾನ್ವಿ ಗೌಡ:
ನಾನಂತೂ ಬ್ಯಾಡ ಅಂತೀನಿ. ಎರಡು ವರ್ಷದ ಹಿಂದ ನಮ್ಮ ಮಾವಾರಿಗೆ ಸಿಟಿ ಸ್ಕ್ಯಾನಿಗೆ ಕಾಂಟ್ರಾಸ್ಟ್ ಕೊಟ್ರು, ಮೂರು ದಿನಕ್ಕ ಕ್ರಿಯಾಟಿನಿನ್ (ಕಿಡ್ನಿ ಹೆಂಗ ಅದಾವ ಅಂತ ತಿಳಿಸೋ ರಕ್ತ ಪರೀಕ್ಷೆ) ಏರಿ ಅಡ್ಮಿಟ್ ಆಗಬೇಕಾತು. ಅವರ ಕಿಡ್ನಿ ಮೊದಲ ವೀಕ್ ಇತ್ತು, ಒಬ್ಬರೂ ಕೇಳಲಿಲ್ಲ, ಫಾರಂ ಮುಂದ ಹಿಡದು ಇಲ್ಲಿ ಸಹಿ ಹಾಕ್ರಿ ಅಂದ್ರು ಅಷ್ಟ. ನಿಮ್ಮವ್ವಗ ಬ್ಯಾರೆ ಶುಗರ್ ಅದ. ಸುಮ್ನ ಯಾಕ ರಿಸ್ಕ್?

ಬಳ್ಳಾರಿ ಸ್ಕ್ಯಾನ್ ರೂಮ್:
ಗೌಡ್ರೇ, ನಿಮ್ಮ ಮಾವನೋರದ್ದು ಕೇಳಿ ಬೇಜಾರಾಯ್ತು, ಆದ್ರೆ ಅದು ಬೇರೆ ಔಷಧಿ. ನಾನು ಎಂಆರ್‌ಐ ಟೆಕ್ನೀಷಿಯನ್, ದಿನಾ ಇದೇ ಕೆಲ್ಸ. ಸಿಟಿಗೆ ಕೊಡೋದು ಅಯೋಡಿನ್ ಇರೋ ಔಷಧಿ, ಎಂಆರ್‌ಐಗೆ ಗ್ಯಾಡೊಲಿನಿಯಂ. ತೂಕ ನೋಡಿ ಕೊಡ್ತೀವಿ, 60 ಕೆಜಿ ಇದ್ರೆ ಕೆಲವು ಕಂಪನಿದು 12 ಎಂಎಲ್, ಗ್ಯಾಡೊಬ್ಯೂಟ್ರಾಲ್ ಆದ್ರೆ 6 ಎಂಎಲ್ ಸಾಕು. ಎಕ್ಸ್‌ರೇ ಕಿರಣದ ಮಾತೇ ಇಲ್ಲ ಎಂಆರ್‌ಐನಲ್ಲಿ. ಇದೂ ಕಿಡ್ನಿ ಮೂಲಕಾನೇ ಹೊರಗೆ ಹೋಗೋದು, ಅದಕ್ಕೇ ಕ್ರಿಯಾಟಿನಿನ್ ಕೇಳ್ತೀವಿ. ಅದ್ರಿಂದ ಕಿಡ್ನಿ ಎಷ್ಟು ಚೆನ್ನಾಗಿ ಸೋಸ್ತೈತೆ ಅನ್ನೋದಕ್ಕೆ ಇಜಿಎಫ್‌ಆರ್ ಅಂತ ಒಂದು ನಂಬರ್ ಲೆಕ್ಕ ಹಾಕ್ತಾರೆ, 30ಕ್ಕಿಂತ ಕೆಳಗೆ ಇದ್ರೆ ಇಲ್ಲಾ ಡಯಾಲಿಸಿಸ್ ಮೇಲಿದ್ರೆ ರೇಡಿಯಾಲಜಿಸ್ಟ್ ಡಾಕ್ಟ್ರು ಕೂತು ಯೋಚ್ನೆ ಮಾಡ್ತಾರೆ. ಶುಗರ್ ಇದ್ದ ಮಾತ್ರಕ್ಕೆ ಸೂಜಿ ಕೊಡಬಾರ್ದು ಅಂತ ಇಲ್ಲ. ಮೆಟ್‌ಫಾರ್ಮಿನ್ನೂ ಈ ಸೂಜಿಗೋಸ್ಕರ ಸಾಮಾನ್ಯವಾಗಿ ನಿಲ್ಲಿಸೋದಿಲ್ಲ, ಕಿಡ್ನಿ ವೀಕ್ ಇದ್ದೋರಿಗೆ ಸಿಟಿ ಮಾಡುವಾಗ ನಿಲ್ಲಿಸ್ತಾರಲ್ಲ, ಜನ ಎರಡನ್ನೂ ಕಲಸಿಬಿಡ್ತಾರೆ.

ಮಾನ್ವಿ ಗೌಡ:
ಬ್ಯಾರೆ ಔಷಧ ಅಂತ ಒಪ್ಪಿದೆ. ಆದ್ರ ಈ ಗ್ಯಾಡೊಲಿನಿಯಂ ಏನು ಹಾಲಲ್ಲ. ಕಿಡ್ನಿ ಕೆಟ್ಟವರಿಗೆ ಇದರಿಂದ ಮೈ ಚರ್ಮ ಕಟಗಿ ಹಂಗ ಗಟ್ಟಿಯಾಗೋ ರೋಗ ಬರ್ತದ ಅಂತ 2006ರಾಗ ಗೊತ್ತಾತು. ಮಿದುಳಿನಾಗೂ ಸ್ವಲ್ಪ ಉಳೀತದ ಅಂತ ಆಮ್ಯಾಲ ಗೊತ್ತಾಗಿ 2017ರಾಗ ಯುರೋಪಿನವರು ಕೆಲವು ಕಂಪನಿ ಔಷಧ ನಿಲ್ಲಿಸಿದ್ರು. ಇದನ್ನ ಪೇಷಂಟಿಗೆ ಯಾರು ಹೇಳ್ತಾರ?

ಬಳ್ಳಾರಿ ಸ್ಕ್ಯಾನ್ ರೂಮ್:
ನೀವು ಹೇಳಿದ್ದು ಎರಡೂ ನಿಜ, ಮುಚ್ಚಿಡೋದು ಏನೂ ಇಲ್ಲ. ಆದ್ರೆ ಪೂರ್ತಿ ಹೇಳ್ಬೇಕಲ್ರೀ. ಗ್ಯಾಡೊಲಿನಿಯಂ ಅಂದ್ರೆ ಲೋಹ, ಬಿಡಿಯಾಗಿ ಮೈಯಾಗೆ ಹೋದ್ರೆ ವಿಷ, ಅದಕ್ಕೇ ಇನ್ನೊಂದು ಕಣದಾಗೆ ಕಟ್ಟಿ ಕೊಡ್ತಾರೆ. ಹಳೇ ಥರದ್ದರಾಗೆ ಹಗ್ಗ ಸುತ್ತಿದಂಗೆ ಕಟ್ಟಿರ್ತೈತೆ, ಸಡಿಲ ಆಗಬಹುದು, ಗ್ಯಾಡೊಡಯಮೈಡ್ ಆ ಥರದ್ದು. ಗ್ಯಾಡೊಬ್ಯೂಟ್ರಾಲ್, ಗ್ಯಾಡೊಟೆರೇಟ್ ಇವು ಪಂಜರದೊಳಗೆ ಇಟ್ಟಂಗೆ, ಅಷ್ಟು ಸುಲಭಕ್ಕೆ ಬಿಚ್ಕೊಳ್ಳಲ್ಲ. ಆ ಚರ್ಮದ ರೋಗ ಬಂದಿದ್ದು ಬಹುಪಾಲು ಹಳೇ ಥರದ ಔಷಧಿಗೆ, ಅದೂ ಕಿಡ್ನಿ ಪೂರ್ತಿ ಕೆಟ್ಟೋರಿಗೆ. ಮಿದುಳಿನಾಗೆ ಉಳಿಯೋದ್ರ ಬಗ್ಗೆ 2017ರಲ್ಲೇ ಅಮೆರಿಕಾದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಹಾಕಿಸ್ತು, ಕಿಡ್ನಿ ಸರಿ ಇದ್ದೋರಿಗೆ ಅದರಿಂದ ನೇರವಾಗಿ ಕೇಡಾಗಿರೋದು ಕಂಡಿಲ್ಲ ಅಂತಾನೂ ಹೇಳ್ತು. ಕುಷ್ಟಗಿಯೋರೇ, ಯಾವ ಔಷಧಿ ಕೊಡ್ತೀರಿ ಹೆಸರು ಹೇಳ್ರಿ ಅಂತ ಕೇಳ್ರಿ, ಬಾಟ್ಲಿ ತೋರಿಸ್ರಿ ಅಂದ್ರೂ ತಪ್ಪಿಲ್ಲ. ನಮ್ಮನ್ನ ಯಾರೂ ಕೇಳೋದೇ ಇಲ್ಲ.

ಮಾನ್ವಿ ಗೌಡ:
ಸರಿ. ಇನ್ನೊಂದು ಹೇಳ್ರಿ, ಗಂಟಿಗೆ ನೇರ ಸೂಜಿ ಚುಚ್ಚಿ ನೋಡಿದ್ರ ಏನಂತ ಗೊತ್ತಾಗ್ತದ. ಮತ್ತ ಇಷ್ಟು ಸಾವಿರ ಖರ್ಚು ಮಾಡಿ ಎಂಆರ್‌ಐ ಯಾಕ?

ಸಿಂಧನೂರು ಟೀಚರಮ್ಮ:
ಗೌಡ್ರ ಈ ಪ್ರಶ್ನೆ ನಾನೂ ನಮ್ಮ ಡಾಕ್ಟ್ರಿಗೆ ಕೇಳಿದ್ದೆ, ಹೋದ ವರ್ಷ ನಂದೂ ಇದೇ ಸ್ಕ್ಯಾನ್ ಆಗ್ಯದ. ಅವರು ಹೇಳಿದ್ದು ಹೀಂಗ, ಸೂಜಿ ಪರೀಕ್ಷೆ ಬೇಕ ಬೇಕು, ಟಿಬಿನೋ ಕ್ಯಾನ್ಸರ್ರೋ ಅನ್ನೋದು ಕಡೀಗೆ ಹೇಳೋದು ಅದ, ಎಂಆರ್‌ಐ ಆ ತೀರ್ಪು ಕೊಡೋದಿಲ್ಲ. ಆದ್ರ ಗಂಟಿನ ಬೇರು ಎಲ್ಲಿ ಅದ, ನಾಲಿಗಿ ಬುಡದಾಗೇನರೆ ಅದನಾ, ರಕ್ತನಾಳಕ್ಕ ಅಂಟ್ಯದನಾ, ಗಂಟಿನ ನಡುವ ಸತ್ತು ಕೀವಾಗ್ಯದನಾ, ಇದೆಲ್ಲಾ ಸೂಜಿ ಪರೀಕ್ಷೆಗೆ ಸಿಗಲ್ಲ. ಕಾಂಟ್ರಾಸ್ಟ್ ಹೋದ ಮ್ಯಾಲ ಜೀವ ಇರೋ ಅಂಚು ಬೆಳ್ಳಗ ಹೊಳೀತದಂತ, ಸತ್ತ ನಡುಭಾಗ ಕಪ್ಪಗ ಉಳೀತದಂತ. ಪ್ಲೇನಿನಾಗ ಅದು ಅಷ್ಟು ಸ್ಪಷ್ಟ ಕಾಣಲ್ಲ. ನಾಳೆ ಮತ್ತೊಮ್ಮೆ ಕಾಂಟ್ರಾಸ್ಟ್ ಹಾಕಿ ತೆಗೆಸ್ರಿ ಅಂದ್ರ ಎರಡು ಸಲ ಹೋಗಿಬರೋ ಕಷ್ಟ ನಿಮ್ಮವ್ವಗ. ನಂದು ಕಡೀಗೆ ಟಿಬಿ ಗಂಟು, ಆರು ತಿಂಗಳು ಗುಳಗಿ ನುಂಗಿ ಈಗ ಆರಾಮ ಅದೀನಿ. ತಂಬಾಕ ಇದ್ದವರಿಗೆ ಬಾಯಿ ಒಳಗೂ ತಪ್ಪದೆ ತೋರಿಸ್ರಿ.

ಸ್ಕ್ಯಾನ್ ಒಳಗಿಂದು ಹೇಳ್ತೀನಿ, ಯಾಕಂದ್ರ ನನಗ ಯಾರೂ ಹೇಳಿರಲಿಲ್ಲ. ಅಂಗಾತ ಮಲಗಿಸಿ ಕುತ್ತಿಗಿ ಮ್ಯಾಲ ಪ್ಲಾಸ್ಟಿಕ್ ಕವಚ ಮುಚ್ಚತಾರ, ಗದ್ದಕ್ಕ ಬಂದು ಹತ್ತಿದಂಗ ಆಗ್ತದ. ಸಪ್ಪಳ ಅಂದ್ರ ಮನಿ ಮುಂದ ಬೋರ್‌ವೆಲ್ ಕೊರಿಯೋ ಗಾಡಿ ನಿಂತಂಗ, ಕಿವಿಗೆ ಮುಚ್ಚಲು ಕೊಡ್ತಾರ, ಸರಿಯಾಗಿ ಕೂಡಿಸ್ಕೋಬೇಕು. ಸಪ್ಪಳ ನಡೆಯೋವಾಗ ಉಗುಳು ನುಂಗಬಾರದು, ನುಂಗಿದ್ರ ಗಂಟಲು ಅಲುಗಾಡಿ ಫೋಟೋ ಮಬ್ಬಾಗ್ತದ, ಸಪ್ಪಳ ನಿಂತಾಗ ನುಂಗಿಬಿಡಬೇಕು. ಕೈಯಾಗ ರಬ್ಬರ್ ಬಲ್ಬ್ ಕೊಡ್ತಾರ, ಹೆದರಿಕಿ ಆದ್ರ ಒತ್ತಿದ್ರ ಸಾಕು. ಕಾಂಟ್ರಾಸ್ಟ್ ಬಿಟ್ಟಾಗ ತೋಳಿನಾಗ ತಣ್ಣಗ ಹರಿದಂಗ ಆತು, ಅಷ್ಟ. ಎಲ್ಲಾ ಸೇರಿ 45 ನಿಮಿಷ ಹಿಡೀತು.

ತೋರಣಗಲ್ಲು ಫಿಟ್ಟರ್:
ಸೂಜಿ ಬಗ್ಗೆನೇ ಎಲ್ಲಾ ಮಾತಾಡ್ತಿದ್ದೀರಿ, ಕಬ್ಬಿಣದ ವಿಚಾರ ಬಿಟ್ಟಿದ್ದೀರಿ ಅಣ್ಣಾರೆ. ಆ ಮಷೀನಿನ ಅಯಸ್ಕಾಂತ ಸ್ಕ್ಯಾನ್ ಇಲ್ಲದಾಗ್ಲೂ ಚಾಲೂನೇ ಇರ್ತೈತೆ. ನಾನು ಗ್ರೈಂಡಿಂಗ್ ಕೆಲ್ಸದೋನು, ಒಂದು ಸಲ ಕಣ್ಣಿಗೆ ಕಬ್ಬಿಣದ ಚೂರು ಹೊಡೆದಿತ್ತು, ಅದನ್ನ ಹೇಳಿದ್ಕೆ ಮೊದ್ಲು ಕಣ್ಣಿಗೆ ಎಕ್ಸ್‌ರೇ ತೆಗ್ದು ಚೂರು ಇಲ್ಲ ಅಂತ ಖಾತ್ರಿ ಆದ್ಮೇಲೆ ಒಳಗೆ ಬಿಟ್ರು. ಚೂರು ಉಳಿದಿದ್ರೆ ಸರಿದು ಕಣ್ಣೇ ಹೋಗ್ತಿತ್ತು. ನಮ್ಮ ಕಡೆ ವೆಲ್ಡಿಂಗ್, ಗ್ರೈಂಡಿಂಗ್ ಮಾಡೋರು ಎಷ್ಟು ಮಂದಿ ಅದಾರೆ, ಎಲ್ಲಾರೂ ಇದನ್ನ ಮರೀದೇ ಹೇಳ್ಬೇಕು.

ಬಳ್ಳಾರಿ ಸ್ಕ್ಯಾನ್ ರೂಮ್:
ಒಳ್ಳೇದು ಹೇಳಿದ್ರಿ. ಪೇಸ್‌ಮೇಕರ್, ಮಿದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್, ಕಿವಿಯೊಳಗಿನ ಕಾಕ್ಲಿಯರ್ ಯಂತ್ರ, ಯಾವ ಕಾಲದ ಆಪರೇಷನ್ ಆಗಿರ್ಲಿ, ಅದರ ಚೀಟಿ ತರ್ರಿ. ಹಲ್ಲಿನ ಸೆಟ್, ಉಡದಾರದ ತಾಯ್ತ, ಜಾಕೀಟಿನ ಪಿನ್ನು, ಕಾಲುಂಗುರ ಎಲ್ಲಾ ಮನೇಲೇ ತೆಗೀರಿ. ಲೋಹದ ಹಲ್ಲಿನ ಕ್ಯಾಪ್ ತೆಗಿಯೋಕೆ ಬರಲ್ಲ, ದವಡೆ ಪಕ್ಕ ಫೋಟೋ ಕೆಡಿಸ್ತೈತೆ, ಮೊದ್ಲೇ ತಿಳಿಸಿದ್ರೆ ನಾವು ಸ್ವಲ್ಪ ಹೊಂದಿಸ್ಕೋತೀವಿ. ಹಿಂದೆ ಇದೇ ಸೂಜಿಗೆ ಮೈ ದದ್ದು ಎದ್ದಿದ್ರೆ, ಉಸಿರು ಕಟ್ಟಿದ್ರೆ ಅದನ್ನೂ ಹೇಳ್ರಿ. ಮುಗಿದ ಮೇಲೆ ಅರ್ಧ ತಾಸು ಅಲ್ಲೇ ಕೂಡ್ರಿ, ಬಸ್ಸಿಗೆ ಓಡಬ್ಯಾಡ್ರಿ. ಬಸುರಿ ಇದ್ರೆ ತೀರಾ ಅಗತ್ಯ ಇಲ್ದೇ ಈ ಸೂಜಿ ಕೊಡಲ್ಲ, ಮೊಲೆ ಹಾಲು ಕುಡಿಸೋರು ನಿಲ್ಲಿಸೋ ಅಗತ್ಯ ಇಲ್ಲ.

ಮಾನ್ವಿ ಗೌಡ:
ಟೀಚರ್ ಹೇಳಿದ್ದು ಕೇಳಿದ ಮ್ಯಾಲ ಸೂಜಿ ಬ್ಯಾಡ ಅನ್ನೋ ಮಾತು ವಾಪಸ್ ತಗೋತೀನಿ. ಕ್ರಿಯಾಟಿನಿನ್ ನೋಡದ ಮಾತ್ರ ಕೈ ಮುಂದ ಮಾಡಬ್ಯಾಡ್ರಿ, ಮತ್ತ ಸಹಿ ಹಾಕೋ ಫಾರಂ ಕನ್ನಡದಾಗ ಯಾಕ ಇರಲ್ಲ ಅನ್ನೋ ನನ್ನ ಜಗಳ ಹಂಗ ಅದ. ನಮ್ಮ ಮಾವಾರು ಓದಿ ಸಹಿ ಹಾಕಿದ್ರ ಆ ಕಿಡ್ನಿ ಪ್ರಶ್ನೆ ಅವರ ಕಣ್ಣಿಗೆ ಬೀಳ್ತಿತ್ತು.

ಬಳ್ಳಾರಿ ಸ್ಕ್ಯಾನ್ ರೂಮ್:
ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ ಗೌಡ್ರೇ. ನಾನು ಬಾಯಲ್ಲಿ ಓದಿ ಹೇಳ್ತೀನಿ, ಗದ್ದಲ ಇದ್ದ ದಿನ ಅದೂ ಅವಸರದಾಗೆ ಆಗ್ತೈತೆ. ಫಾರಂ ಕನ್ನಡದಾಗೇ ಇರಬೇಕು.

ಕುಷ್ಟಗಿ ಹುಡುಗ:
ಎಲ್ಲಾರಿಗೂ ಕೈ ಮುಗೀತೀನಿ. ಸ್ಕ್ಯಾನ್ ಆತು ರೀ. ಹಿಂದಿನ ದಿನ ರಕ್ತ ಕೊಟ್ಟಿದ್ವಿ, ಕ್ರಿಯಾಟಿನಿನ್ 1.1, ಇಜಿಎಫ್‌ಆರ್ 57, ನಡೀತೈತಿ ಅಂದ್ರು. ಔಷಧದ ಹೆಸರು ಕೇಳಿದೆ, ಗ್ಯಾಡೊಬ್ಯೂಟ್ರಾಲ್ ಅಂತ ಬಾಟ್ಲಿನ ತೋರಿಸಿದ್ರು. ಅವ್ವನ ಮೂಗುಬಟ್ಟು ಮನ್ಯಾಗ ಯಾರ ಕೈಗೂ ಬರಲಿಲ್ಲ, ಮದುವಿ ಆದಾಗಿಂದ ತೆಗೆದಿದ್ದ ಇಲ್ಲಂತ, ಗುರುವಾರ ಸಂಜಿಕೆ ಪತ್ತಾರರ ಅಂಗಡಿಗೆ ಕರ್ಕೊಂಡು ಹೋಗಿ ಬಿಚ್ಚಿಸಿದ್ವಿ, ಮನಿಗೆ ಬರೋತನಕ ಆಕಿ ಸೆರಗಿನಿಂದ ಮೂಗು ಮುಚ್ಕೊಂಡಿದ್ಲು. ರಿಪೋರ್ಟ್ ನಾಳೆ ಬರ್ತೈತಿ, ಸೋಮವಾರ ಸೂಜಿ ಪರೀಕ್ಷೆ ಐತಿ.