ಡಾಕ್ಟ್ರ ಕೋಬ್ರಾಗೆ ಬ್ರೇಕು

ಇಂಗ್ಲೆಂಡಿನ ಕವೆಂಟ್ರಿಯಲ್ಲಿರುವ ನಮ್ಮ ಡಾಕ್ಟ್ರ ಗ್ಯಾರೇಜಿನಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲ. ಅಲ್ಲೊಂದು ಕಾರು ತಯಾರಾಗುತ್ತಿದೆ. ಎ.ಸಿ. ಕೋಬ್ರಾ, ಅರವತ್ತರ ದಶಕದ ಸ್ಪೋರ್ಟ್ಸ್ ಕಾರು. ಅಸಲಿ ಅಲ್ಲ ಬಿಡಿ. ಅಸಲಿ ಬೇಕೆಂದರೆ ಡಾಕ್ಟ್ರು ಇಲ್ಲಿನ ಮನೆ, ಊರಿನ ತೋಟ ಎರಡನ್ನೂ ಮಾರಬೇಕು. ಇದು ಬಿಡಿಭಾಗ ತಂದು ಮನೆಯಲ್ಲೇ ಜೋಡಿಸುವ ಕಿಟ್ ಕಾರು: ಕಬ್ಬಿಣದ ಚಾಸಿ, ಮೇಲೆ ಫೈಬರ್ ಬಾಡಿ. ಎಂಜಿನ್ನು, ಬ್ರೇಕು ನಮ್ಮಿಷ್ಟ. ಗಲಾಟೆ ಶುರುವಾದದ್ದೇ ಆ ‘ನಮ್ಮಿಷ್ಟ’ದಿಂದ.

“ಏಳು ಲೀಟರಿನ, ಎಂಟು ಸಿಲಿಂಡರಿನ ವಿ8 ಎಂಜಿನ್. ಅದಕ್ಕಿಂತ ಕಮ್ಮಿ ಮಾತೇ ಬೇಡ,” ಎಂದರು ಡಾಕ್ಟ್ರು.

ರಾಯರು ಜೀವಮಾನವಿಡೀ ಲೆಕ್ಕ ಬರೆದು ನಿವೃತ್ತರಾದವರು. “ಹಳೇ ಫೋರ್ಡ್ ಸಿಯೆರಾದ ಎರಡು ಲೀಟರ್ ಎಂಜಿನ್ ಅಗ್ಗಕ್ಕೆ ಸಿಗುತ್ತದೆ. ಮೈಲೇಜೂ ಬರುತ್ತದೆ,” ಎಂದರು.

ಡಾಕ್ಟ್ರು ಮಾತಾಡಲಿಲ್ಲ. ಕೋಬ್ರಾ ಮುಂದೆ ನಿಂತು ಮೈಲೇಜ್ ವಿಚಾರ ಎತ್ತಿದವರಿಗೆ ಎರಡನೇ ಕಾಫಿ ಸಿಗುವುದಿಲ್ಲ.

ಆದರೂ ರಾಯರದು ಪೂರಾ ತಪ್ಪಲ್ಲ. ಇದರ ಹಿರಿಯಣ್ಣ, 1953ರ ಎ.ಸಿ. ಏಸ್, ಓಡುತ್ತಿದ್ದುದು ಎರಡು ಲೀಟರ್ ಎಂಜಿನ್ನಿನಲ್ಲೇ. 1962ರಲ್ಲಿ ಕ್ಯಾರಲ್ ಶೆಲ್ಬಿ ಎಂಬ ಅಮೆರಿಕದವನು ಅದಕ್ಕೆ ಫೋರ್ಡ್ ವಿ8 ತುಂಬಿಸಿದ. ಮೊದಲು 4.2 ಲೀಟರ್, ಆಮೇಲೆ 4.7, ಕೊನೆಗೆ ಏಳು.

“ಏಳು ಲೀಟರ್ ಸುಮ್ನೆ ಕೂತಿತು ಅಂದುಕೊಂಡಿರಾ?” ಎಂದರು ಗೌಡ್ರು. ಕಾರು ಕಂಪನಿಯ ಎಂಜಿನಿಯರ್, ಮಾತು ಕಮ್ಮಿ. “ಅದಕ್ಕೋಸ್ಕರ ಚಾಸಿಯನ್ನೇ ಬದಲಾಯಿಸಿದರು. ಮೂರಿಂಚಿನ ಪೈಪು ನಾಲ್ಕಿಂಚಾಯಿತು. ಪಟ್ಟಿ ಸ್ಪ್ರಿಂಗ್ ಹೋಗಿ ಕಾಯಿಲ್ ಸ್ಪ್ರಿಂಗ್ ಬಂತು.”

ನನ್ನ ಓಟು ರೋವರ್ ವಿ8ಗೆ. ಅದೂ ಮೂಲತಃ ಅಮೆರಿಕದ ಬ್ಯೂಕ್ ಎಂಜಿನ್ನೇ. ಅಲ್ಲಿಯವರು ಬೇಡವೆಂದು ಬಿಟ್ಟದ್ದನ್ನು ರೋವರ್‌ನವರು 1965ರಲ್ಲಿ ಕೊಂಡರು. ಆಮೇಲೆ ರೇಂಜ್ ರೋವರ್, ಮಾರ್ಗನ್, ಎಂಜಿಬಿ ಎಲ್ಲದರೊಳಗೂ ಅದೇ ಕೂತಿತು. ಅಲ್ಯೂಮಿನಿಯಂ ಆದ್ದರಿಂದ ಕಾರಿನ ಮೂತಿ ಭಾರವಾಗುವುದಿಲ್ಲ. ಏಳು ಲೀಟರ್ ಕಬ್ಬಿಣ ಹೊತ್ತ ಕಾರನ್ನು ತಿರುವಿನಲ್ಲಿ ಯಾರು ತಿರುಗಿಸುತ್ತಾರೆ?

ಡಾಕ್ಟ್ರು ಸೋಲಲಿಲ್ಲ. “1964ರಲ್ಲಿ ಇಲ್ಲೇ ಎಂ1 ರಸ್ತೆಯಲ್ಲಿ ಜ್ಯಾಕ್ ಸಿಯರ್ಸ್ ಕೋಬ್ರಾ ಕೂಪೆಯನ್ನು 185 ಮೈಲಿ ಸ್ಪೀಡಲ್ಲಿ ಓಡಿಸಿದ್ದ. ಗೊತ್ತೇನ್ರಿ?”

“ಆಗ ಸ್ಪೀಡ್ ಲಿಮಿಟ್ ಇರಲಿಲ್ಲ. ಈಗ 70,” ಎಂದರು ರಾಯರು. “ಮಿಕ್ಕ 115 ಮೈಲಿ ಎಲ್ಲಿ ಖರ್ಚು ಮಾಡುತ್ತೀರಿ?”

“ಆ 70ರಿಂದ ನಿಲ್ಲಲಿಕ್ಕೇ 96 ಮೀಟರ್ ಬೇಕು ಎನ್ನುತ್ತದೆ ಇಲ್ಲಿನ ರಸ್ತೆ ನಿಯಮದ ಪುಸ್ತಕ ಹೈವೇ ಕೋಡ್,” ಎಂದರು ಗೌಡ್ರು. “ಅದರಲ್ಲಿ 21 ಮೀಟರ್ ಬ್ರೇಕ್ ಒತ್ತಬೇಕೆಂದು ತಲೆಗೆ ಹೊಳೆಯುವುದಕ್ಕೇ.”

“ಇವರಿಗೆ 21 ಎಲ್ಲಿ ಸಾಕು?” ಎಂದರು ಕಾಫಿ ತಂದ ಅತ್ತಿಗೆ.

“ಸ್ಪೀಡು ಎರಡರಷ್ಟಾದರೆ ಬ್ರೇಕಿನ ಮೇಲೆ ಬೀಳುವ ಕೆಲಸ ನಾಲ್ಕರಷ್ಟು,” ಎನ್ನುತ್ತಾ ಗೌಡ್ರು ಟಾರ್ಚ್ ಹಿಡಿದು ಕಾರಿನಡಿ ತೂರಿದರು. ಡಾಕ್ಟ್ರು ಊರಭಿಮಾನಕ್ಕೆ ಬಿದ್ದು ಹಿಂಭಾಗಕ್ಕೆ ಕವೆಂಟ್ರಿಯದೇ ಆದ ಹಳೇ ಜಾಗ್ವಾರ್ ಕಾರಿನ ಆಕ್ಸಲ್ ತಂದಿದ್ದರು. ಅದರಲ್ಲಿ ಬ್ರೇಕಿನ ಡಿಸ್ಕು ಚಕ್ರದ ಹತ್ತಿರ ಇರುವುದಿಲ್ಲ, ನಡುವೆ ಎರಡೂ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ಗೆ ಅಂಟಿಕೊಂಡಿರುತ್ತದೆ. ನಾನೂ ಬಗ್ಗಿ ನೋಡಿದೆ. ಡಿಸ್ಕಿನ ಒಳಮೈ ಮೇಲೆ ಕಪ್ಪಗೆ ಮಿರಮಿರ ಮಿನುಗುವ ಒಂದು ಬಳೆ. ಗೌಡ್ರು ಬೆರಳಲ್ಲಿ ಸವರಿ ಮೂಸಿದರು. ಡಿಫರೆನ್ಷಿಯಲ್ ಎಣ್ಣೆ.

“ಬ್ರೇಕಿನ ಬಿಸಿಗೆ ಸೀಲ್ ಬೆಂದಿದೆ. ಎಣ್ಣೆ ನೇರ ಡಿಸ್ಕಿಗೆ. ಪ್ಯಾಡ್ ಬದಲಿಸಬೇಕಾದರೂ ಇದೇ ಸಂದಿಯಲ್ಲಿ ಕೈ ತುರುಕಬೇಕು. ಹಿಂದಿನ ಚಕ್ರದ ಹತ್ತಿರವೇ ಡಿಸ್ಕ್ ಇರುವ, 1993ರ ಈಚೆಯ ಜಾಗ್ವಾರ್ ಎಕ್ಸ್‌ಜೆಎಸ್ ಕಾರಿನ ಆಕ್ಸಲ್ ನೋಡಿ.”

ಮುಂದಿನ ಚಕ್ರಗಳಿಗೆ ಡಾಕ್ಟ್ರು ಆಸೆಪಟ್ಟದ್ದು ಆರು ಪಿಸ್ಟನ್ನಿನ ದೊಡ್ಡ ಕ್ಯಾಲಿಪರ್, ಅಂದರೆ ಡಿಸ್ಕನ್ನು ಒತ್ತಿ ಹಿಡಿಯುವ ಇಕ್ಕಳ. ಆದರೆ ಹಳೇ ಠೀವಿ ಬೇಕೆಂದು ಹದಿನೈದು ಇಂಚಿನ ಚಕ್ರ ಮೊದಲೇ ಕೊಂಡಾಗಿದೆ. ರಾಯರು ಕ್ಯಾಲಿಪರಿನ ಅಳತೆಗೆ ಕಾರ್ನ್‌ಫ್ಲೇಕ್ಸ್ ಡಬ್ಬದ ರಟ್ಟು ಕತ್ತರಿಸಿ, ಚಕ್ರ ಕೂರುವ ಹಬ್‌ಗೆ ಟೇಪ್ ಸುತ್ತಿ ನಿಲ್ಲಿಸಿ, ಚಕ್ರ ಹಾಕಿ ತಿರುಗಿಸಿದರು. ಅರ್ಧ ಸುತ್ತಿಗೇ ರಟ್ಟು ಚಕ್ರದ ಕಡ್ಡಿಗೆ ಸಿಕ್ಕಿ ಚಿಂದಿಯಾಯಿತು. ಅಲ್ಲಿಗೆ ನಾಲ್ಕು ಪಿಸ್ಟನ್ನಿಗೆ ರಾಜಿ. ಒಂದು ಟನ್ ಸುಮಾರಿನ ಕಾರಿಗೆ ಅದು ಧಾರಾಳ ಸಾಕು.

“ಹಿಂದೆ ಜಾಸ್ತಿ ಬ್ರೇಕ್ ಕೊಡಬೇಡಿ,” ಎಂದರು ಗೌಡ್ರು. “ಒತ್ತಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ. ಹಿಂದಿನ ಚಕ್ರ ಮೊದಲು ಲಾಕ್ ಆದರೆ ಕಾರು ಗಿರಗಿರ ತಿರುಗುತ್ತದೆ. ಐವಿಎ ಟೆಸ್ಟಿನಲ್ಲಿ ಫೇಲ್ ಮಾಡುತ್ತಾರೆ.”

ಈ ದೇಶದಲ್ಲಿ ಮನೆಯಲ್ಲಿ ಕಟ್ಟಿದ ಕಾರು ರಸ್ತೆಗಿಳಿಯಬೇಕಾದರೆ ಆ ಪರೀಕ್ಷೆ ದಾಟಲೇಬೇಕು. ಎಂಬಿಬಿಎಸ್, ಎಫ್‌ಆರ್‌ಸಿಎಸ್ ಎಲ್ಲ ಪಾಸಾದ ಡಾಕ್ಟ್ರು ಇದೊಂದಕ್ಕೆ ಹೆದರುತ್ತಾರೆ.

“ಆಯ್ತು, ರೋವರ್ ವಿ8 ಆಗಲಿ,” ಎಂದರು ಡಾಕ್ಟ್ರು ದೊಡ್ಡ ಮನಸ್ಸು ಮಾಡಿ. “ಆದರೆ ಎಂಜಿನ್ನಿನ ವಾಲ್ವ್ ತೆರೆಯುವ ಕ್ಯಾಮ್ ಮಾತ್ರ ರೇಸಿನದ್ದೇ ಹಾಕಿಸುತ್ತೇನೆ. ಸಿಗ್ನಲ್ಲಲ್ಲಿ ನಿಂತಾಗ ಗುಡುಗುಡು ಅನ್ನಬೇಕು.”

ಗೌಡ್ರು ಟಾರ್ಚ್ ಆರಿಸಿದರು. “ಬ್ರೇಕ್ ಒತ್ತುವಾಗ ಕಾಲಿಗೆ ನೆರವಾಗುವ ಸರ್ವೋ ಕೆಲಸ ಮಾಡುವುದು ಎಂಜಿನ್ನಿನ ವ್ಯಾಕ್ಯೂಮ್‌ನಿಂದ. ಕ್ಯಾಮ್ ಖಾರವಾದಷ್ಟೂ ಐಡ್ಲಿಂಗ್‌ನಲ್ಲಿ ವ್ಯಾಕ್ಯೂಮ್ ಕಮ್ಮಿ. ಗುಡುಗುಡು ಅನ್ನುವುದು ಎಂಜಿನ್ನು. ಬ್ರೇಕ್ ಪೆಡಲ್ಲು ಕಲ್ಲಿನ ಹಾಗಿರುತ್ತದೆ.”

“ಸರ್ವೋನೇ ತೆಗೆದರೆ?”

“ತೆಗೆಯಬಹುದು. ಬ್ರೇಕ್ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರ್ ಸಣ್ಣದು ಹಾಕಿದರೆ ಕಾಲಿಗೆ ಹಗುರ. ಆದರೆ ಪೆಡಲ್ಲು ಆಳಕ್ಕೆ ಇಳಿಯುತ್ತದೆ.”

“ಅಷ್ಟು ಆಳಕ್ಕೆ ನನ್ನ ಕಾಲು ಎಟುಕುತ್ತಾ?” ಎಂದರು ಅತ್ತಿಗೆ.

ಡಾಕ್ಟ್ರು ಬೆಚ್ಚಿದರು. ಅತ್ತಿಗೆಯೂ ಓಡಿಸುತ್ತಾರೆಂಬುದು ಅವರಿಗೆ ಆಗಲೇ ತಿಳಿದದ್ದು. ಕ್ಯಾಮ್ ಮಾಮೂಲಿಯದೇ ಆಯಿತು, ಸರ್ವೋ ಉಳಿಯಿತು.

ರಾಯರು ಲಕೋಟೆಯ ಹಿಂದೆ ಕೂಡಿಸಿ, ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ಕೂಡಿಸಿದರು. ಹೊಸ ಕ್ಯಾಲಿಪರ್, ಆಕ್ಸಲ್, ಪೈಪು ಎಲ್ಲ ಸೇರಿ ಎಂಜಿನ್ನಿಗಿಂತ ಬ್ರೇಕಿಗೇ ಜಾಸ್ತಿ.

“ಅಲ್ರೀ, ಕಾರ್ ಶೋನಲ್ಲಿ ಎಲ್ಲರೂ ಬಾನೆಟ್ ಎತ್ತಿ ತೋರಿಸುತ್ತಾರೆ. ನಾನೇನು ತೋರಿಸಲಿ?” ಎಂದರು ಡಾಕ್ಟ್ರು.

“ಚಕ್ರ ಬಿಚ್ಚಿ ತೋರಿಸಿ,” ಎಂದರು ಗೌಡ್ರು.